ಒಂದು ಶೆಡ್ಡಿಗೆ ಎರಡು ಕಪ್ಪೆ

ನಮ್ಮ ಬಸ್ ಶೆಡ್ಡಿನಲ್ಲಿ ನನ್ನ ಹೆಸರು ಕುಕ್ಕರ್. ಮನೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಬೇರೊಂದು ಹೆಸರಿದೆ, ನಿಜ. ಆದರೆ ಅದನ್ನು ಯಾರಾದರೂ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದರೆ ಒಬ್ಬನೂ ತಿರುಗಿ ನೋಡುವುದಿಲ್ಲ. ನಾನೂ ನೋಡುವುದಿಲ್ಲ. ಕುಕ್ಕರ್ ಅನ್ನುವ ಹೆಸರನ್ನು ನನಗಿಟ್ಟವಳು ಕ್ಯಾಂಟೀನಿನ ಅತ್ತೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಫೋರ್‌ಮನ್ ಜೊತೆ ಒಮ್ಮೆ, ಸ್ಟೋರಿನವನ ಜೊತೆ ಒಮ್ಮೆ, ಕೈ ತೊಳೆಯುವ ನಲ್ಲಿಯ ಜೊತೆ ಒಮ್ಮೆ ಜಗಳವಾಡಿದೆ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಸ್ಪ್ಯಾನರ್ ತೆಗೆದು ಬಾರಿಸಿದೆ. ಅತ್ತೆ ಕೌಂಟರಿನ ಹಿಂದಿನಿಂದ ನೋಡುತ್ತಿದ್ದವಳು, “ಮೂರು ಸೀಟಿ ಆಯ್ತು, ಯಾರಾದ್ರೂ ಒಲೆ ಆರಿಸ್ರೋ” ಅಂದಳು. ಇಡೀ ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ನಾನು ತಟ್ಟೆ ಬಿಟ್ಟು ಎದ್ದು ಹೋದೆ. ವಾರ ಮುಗಿದದ್ದೇ ನಾನು ಕುಕ್ಕರ್, ನನ್ನ ಹೆಂಡತಿ ಕುಕ್ಕರ್ ಮನೆಯಾಕೆ, ನನ್ನ ಮಗ ಎಷ್ಟೇ ಸಾಧುವಾಗಿದ್ದರೂ ಮರಿ ಕುಕ್ಕರ್.

ಅತ್ತೆ ಎತ್ತರದಲ್ಲಿ ಕೌಂಟರಿಗಿಂತ ಒಂದು ಗೇಣು ಹೆಚ್ಚು, ಅಷ್ಟೇ. ಅದಕ್ಕೇ ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತಾಳೆ. ಅವಳ ಗಂಟಲಿಗೆ ಮಾತ್ರ ಯಾವ ಪೆಟ್ಟಿಗೆಯೂ ಬೇಕಿಲ್ಲ. ಅತ್ತ ಬಣ್ಣ ಹೊಡೆಯುವ ಕೋಣೆಯವರೆಗೂ ಕೇಳಿಸುತ್ತದೆ. ಕೈಯಲ್ಲಿ ಸದಾ ಒಂದು ಸ್ಟೀಲ್ ಸೌಟು. ಅದೇ ಸೌಟಿನಲ್ಲಿ ಸೂಪು ಬಡಿಸುವುದು, ಅದರಲ್ಲೇ ಬೆದರಿಸುವುದು, ಅದರಲ್ಲೇ ಪಾತ್ರೆಯ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಹೊಡೆದು ಹೆಸರು ಹಿಡಿದು ಕರೆಯುವುದು. ಯಾರಿಗೆ ಮೊಟ್ಟೆ ಬೇಡ, ಯಾರಿಗೆ ಬ್ರೆಡ್ಡು ಜಾಸ್ತಿ, ಯಾರು ಹೆಂಡತಿಯ ಜೊತೆ ಮುನಿಸಿಕೊಂಡು ಬೆಳಿಗ್ಗೆ ತಿಂಡಿ ತಿಂದಿಲ್ಲ, ಎಲ್ಲವೂ ಅವಳಿಗೆ ಗೊತ್ತು. ಕ್ಯಾಂಟೀನೆಂದರೆ ತಗಡಿನ ಸೂರಿನ ಒಂದು ಉದ್ದನೆ ಕೋಣೆ. ಬೆಂಚುಗಳೆಲ್ಲ ಹಳೇ ಬಸ್ಸುಗಳ ಸೀಟುಗಳು. ಕೆಲವಕ್ಕೆ “ಹಿರಿಯರಿಗೆ ಮಾತ್ರ” ಎಂಬ ಬೋರ್ಡು ಇನ್ನೂ ಅಂಟಿಕೊಂಡಿದೆ. ಅದರ ಮೇಲೆ ಕೂತು ಇಪ್ಪತ್ತರ ಹುಡುಗರು ಟೀ ಕುಡಿಯುತ್ತಾರೆ.

ಅತ್ತೆ ಈ ಕೆಲಸ ಹಿಡಿದದ್ದು ಮಾವನ ಕೈಯಿಂದಾಗಿ. ಮಾವ ಅಂದರೆ ಅವಳ ಗಂಡ. ಈಗ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಬ್ರೆಡ್ಡು ಕತ್ತರಿಸುತ್ತಾನೆ. ಆಗ ಅವನೂ ನಮ್ಮ ಹಾಗೆ ಫಿಟ್ಟರ್. ಬಸ್ಸೊಂದನ್ನು ಜಾಕ್ ಮೇಲೆ ಎತ್ತಿದ್ದರಂತೆ. ಮಾವ ಚಕ್ರ ಬಿಚ್ಚಿ ಕೈ ಒಳಗೆ ಹಾಕಿದ್ದ. ಆಚೆ ಬದಿಯಲ್ಲಿ ಜಾಕ್ ಹಿಡಿದವನ ಹೆಸರೂ ಮಾವನ ಹೆಸರೂ ಒಂದೇ. ಯಾರೋ ಮಾವನಿಗೆ, ಬೋಲ್ಟು ಬಿಡು ಅನ್ನುವುದಕ್ಕೆ, ಹೆಸರು ಹಿಡಿದು “ಬಿಡೋ ಬಿಡೋ” ಅಂತ ಕೂಗಿದರು. ಆಚೆಯವನು ಜಾಕ್ ಬಿಟ್ಟ. ಮಾವನ ಎಡಗೈಯ ಎರಡು ಬೆರಳು ಅವತ್ತಿಗೆ ಮುಗಿಯಿತು.

ಆಗ ಹೊಸ ಮದುಮಗಳು ಅತ್ತೆ. ಆಸ್ಪತ್ರೆಯಿಂದ ನೆಟ್ಟಗೆ ಶೆಡ್ಡಿಗೆ ಬಂದಳಂತೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೇಳಿದಳು. ಒಂದೇ ಹೆಸರಿನವರು ಆರು ಜನ, ಇನ್ನೊಂದು ಹೆಸರಿನವರು ನಾಲ್ಕು ಜನ. “ಒಂದು ಸಂತೆಯಲ್ಲಿ ಆರು ಕುರಿಗೆ ಒಂದೇ ಬಣ್ಣ ಬಳಿದ್ರೆ ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು?” ಅಂದಳಂತೆ. ಆಗಿನ ಮ್ಯಾನೇಜರು ಪಾಪಪ್ರಜ್ಞೆಗೋ ಏನೋ ಗಂಡ ಹೆಂಡತಿಗೆ ಕ್ಯಾಂಟೀನು ವಹಿಸಿಕೊಟ್ಟ. ಅವತ್ತಿನಿಂದ ಶೆಡ್ಡಿನ ಪದ್ಧತಿ ಇದು: ಹೊಸದಾಗಿ ಬಂದವನಿಗೆ ಒಂದು ವಾರ ಹೆಸರೇ ಇಲ್ಲ, ಅವನು ಬರೀ ಹೊಸಬ. ಅತ್ತೆ ಆ ವಾರವೆಲ್ಲ ಕೌಂಟರಿನ ಕಿಟಕಿಯಿಂದ ಅವನನ್ನು ನೋಡುತ್ತಾಳೆ. ವಾರ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಸೌಟು ಟಣ್ ಟಣ್ ಅನ್ನುತ್ತದೆ, ಹೆಸರು ಬೀಳುತ್ತದೆ. ಬಿದ್ದ ಹೆಸರನ್ನು ತೆಗೆಯುವಂತಿಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗಿಲ್ಲ. ಸತ್ತವರ ಹೆಸರನ್ನೂ ಮತ್ತೆ ಇಡುವುದಿಲ್ಲ. “ಕರೆದಾಗ ಅವನೂ ಎದ್ದು ಬಂದ್ರೆ ಸೂಪು ಎಲ್ಲಿಂದ ತರೋದು?” ಅನ್ನುತ್ತಾಳೆ.

ಇದನ್ನೆಲ್ಲ ತಮಾಷೆಯಾಗಿ ಹೇಳಿದರೂ ಒಂದು ಮಾತನ್ನು ಮಾತ್ರ ಅವಳು ನಗದೆ ಹೇಳುತ್ತಿದ್ದಳು. ಮಾವನ ಕೈ ಕಡೆ ಗಲ್ಲ ಎತ್ತಿ ತೋರಿಸಿ, “ಒಂದೇ ಹೆಸರು ಇಬ್ಬರಿಗೆ ಯಾವತ್ತು ಇಡ್ತೀನೋ, ಅವತ್ತು ಈ ಸೌಟು ಕೆಳಗಿಡ್ತೀನಿ.”

ಹೆಸರಿಡುವುದೆಂದರೆ ಅವಳಿಗೆ ಅಷ್ಟು ಹಿಗ್ಗು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. “ನೋಡು ಕುಕ್ಕರ್, ಮದುವೆ ದಿನ ನನ್ನ ತೌರಿನ ಹೆಸರು ಹೋಯ್ತು, ಗಂಡನ ಮನೆ ಹೆಸರು ಬಂತು. ಯಾರೂ ನನ್ನ ಕೇಳಲಿಲ್ಲ. ಮಗ ಹುಟ್ಟಿದ. ನಮ್ಮತ್ತೆ ಅವರಪ್ಪನ ಹೆಸರಿಟ್ರು. ಮಗಳು ಹುಟ್ಟಿದ್ಲು, ಅವರಮ್ಮನ ಹೆಸರಿಟ್ರು. ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೆ ನಾನು ಹೆಸರಿಡಕ್ಕಾಗಲಿಲ್ಲ. ಇಲ್ಲಿ ನೋಡು, ಇಷ್ಟು ದೊಡ್ಡ ದೊಡ್ಡ ಮೀಸೆಯೋರಿಗೆಲ್ಲ ನಾನೇ ಇಟ್ಟಿದ್ದು” ಅಂದು ಕಿಸಕ್ಕನೆ ನಕ್ಕಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ನಮ್ಮ ಶೆಡ್ಡಿಗೆ ನಾಲ್ಕು ದಿಕ್ಕಿನ ಜನ ಬಂದು ಸೇರಿದ್ದಾರೆ. ಬಸ್ಸು ಕೆಡದ ದೇಶವಿಲ್ಲ, ಹಸಿವಾಗದ ಹೊಟ್ಟೆಯಿಲ್ಲ. ಊಟದ ಹೊತ್ತಿನಲ್ಲಿ ಹೆಸರಿನ ಮಾತು ಬಂದರೆ ಸೂಪು ಆರಿ ಮೇಲೆ ಕೆನೆ ಕಟ್ಟುವವರೆಗೂ ನಡೆಯುತ್ತದೆ. ಲೇತ್ ಮೆಷಿನ್ನಿನವನ ಕಡೆ ಮನೆತನದ ಹೆಸರೇ ಇಲ್ಲವಂತೆ. ಅಪ್ಪನ ಹೆಸರೇ ಮಗನಿಗೆ ಬಾಲ. ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಇದ್ದರೆ ಮೂರು ಜನಕ್ಕೂ ಮೂರು ಬಾಲ. ಟೈರಿನವನ ಕಡೆ ಮನೆತನ ಮುಂದೆ, ಮನುಷ್ಯ ಹಿಂದೆ. ಅವನ ತಮ್ಮನೂ ಇಲ್ಲೇ ಕೆಲಸ ಮಾಡುತ್ತಾನೆ. ಆಫೀಸಿನವರು ಮುಂದಿನ ಹೆಸರು ಕೂಗಿದರೆ ಅಣ್ಣತಮ್ಮ ಇಬ್ಬರೂ ಎದ್ದು ನಿಲ್ಲುತ್ತಾರೆ. ಬಣ್ಣದವನ ಕಡೆ ಹುಟ್ಟಿದ ವಾರವೇ ಹೆಸರು.

“ನಿಂದು ಯಾವ ವಾರಾನೋ?” ಅಂತ ಅತ್ತೆ ಕೇಳಿದ್ದಳು.

“ಭಾನುವಾರ ಅತ್ತೆ.”

“ಅದಕ್ಕೇ ವಾರವೆಲ್ಲ ರಜ ಹಾಕಿದೋನ ಥರ ಬರ್ತೀಯ.” ಅವನಿಗೆ ಗಡಿಯಾರ ಎಂದು ಹೆಸರಿಟ್ಟಳು. ಜೀವಮಾನದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ.

ವೆಲ್ಡಿಂಗ್ ಮಾಡುವವನೊಬ್ಬನಿದ್ದಾನೆ. ಬಾಯಿ ಮುಚ್ಚುವುದೇ ಇಲ್ಲ, ಆದ್ದರಿಂದ ಅವನು ಮೌನಿ. ಅವನ ಮನೆತನದ ಹೆಸರಿಗೆ ಅವನ ಭಾಷೆಯಲ್ಲಿ ಕುರಿ ಕಾಯುವವನು ಎಂದರ್ಥ. “ನಮ್ಮ ವಂಶದಲ್ಲಿ ಯಾರಾದ್ರೂ ಕುರಿ ಕಾದಿದ್ದು ಯಾರಿಗೂ ನೆನಪಿಲ್ಲ. ನನಗೆ ಕುರಿ ಕಂಡ್ರೆ ಹೆದರಿಕೆ, ಚಿಕ್ಕವನಿದ್ದಾಗ ಹಿಂದಿನಿಂದ ಗುದ್ದಿತ್ತು. ಕುರಿ ಹೋಯ್ತು, ಹೆಸರು ಉಳೀತು, ನಾನು ಏನು ಮಾಡ್ಲಿ?” ಅನ್ನುತ್ತಾನೆ.

ಹೀಗಿರುವಾಗ ಕಳೆದ ವರ್ಷ ಒಬ್ಬಳು ಹೊಸಬಳು ಬಂದಳು. ಎಲೆಕ್ಟ್ರಿಷಿಯನ್. ಮೂವತ್ತರ ಒಳಗಿನ ಪ್ರಾಯ, ಭುಜದ ಮೇಲೆ ವೈರಿನ ಸುರುಳಿ, ಜಡೆಯ ಗಂಟಿನಲ್ಲಿ ಚುಚ್ಚಿಕೊಂಡ ಟೆಸ್ಟರ್. ಬಸ್ಸಿನ ಅಡಿಗೆ ಹೋಗಿ ಕೆಲಸ ಮಾಡಲು ನಮ್ಮಲ್ಲಿ ಉದ್ದನೆ ಗುಂಡಿಗಳಿವೆ. ಒಂದು ದಡದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸುತ್ತು ಹಾಕಿ ಹೋಗಬೇಕು. ಇವಳು ಸುತ್ತು ಹಾಕುತ್ತಿರಲಿಲ್ಲ. ಎರಡು ಹೆಜ್ಜೆ ಓಡಿ ಬಂದು, ಮಂಡಿ ಮಡಚಿ, ಗುಂಡಿಯನ್ನೇ ಹಾರಿ ಆಚೆ ಕೂತುಬಿಡುತ್ತಿದ್ದಳು. ನನ್ನ ತಲೆ ಮೇಲಿಂದಲೇ ಒಮ್ಮೆ ಹಾರಿದಳು.

“ಏಯ್ ತಾಯಿ, ಇದೇನು ಆಟದ ಮೈದಾನಾನಾ?” ಅಂತ ಕೂಗಿದೆ.

“ಅಣ್ಣ, ಬಿದ್ರೆ ಬಯ್ಯಿರಿ, ಬೀಳೋಕೆ ಮುಂಚೆ ಯಾಕೆ?” ಅಂದು ಮತ್ತೆ ಈಚೆ ಹಾರಿ ಹೋದಳು.

ಕೌಂಟರಿನ ಕಿಟಕಿಯಿಂದ ಇದೆಲ್ಲ ಕಾಣುತ್ತದೆ. ವಾರ ಕಳೆಯಿತು. ಮಧ್ಯಾಹ್ನ ಎಲ್ಲರೂ ಸಾಲಿನಲ್ಲಿ ನಿಂತಿದ್ದೆವು. ಸೌಟು ಟಣ್ ಟಣ್ ಅಂದಿತು. ಅತ್ತೆ ಹೊಸಬಳ ಕಡೆ ಕೈ ಚಾಚಿ, ಮುಖ ಅರಳಿಸಿಕೊಂಡು ಕೂಗಿದಳು:

“ಕಪ್ಪೇ! ಬಾರೇ, ತಟ್ಟೆ ತಗೋ.”

ನಮ್ಮಲ್ಲಿ ಆಗಲೇ ಒಬ್ಬ ಕಪ್ಪೆ ಇದ್ದ. ಸಾಲಿನಲ್ಲಿ ಮೂರನೆಯವನಾಗಿ ಅಲ್ಲೇ ನಿಂತಿದ್ದ. ಗೇರ್ ಬಾಕ್ಸ್ ಕೆಲಸದವನು, ನನ್ನ ಓರಗೆಯವನು. ಪ್ರಾಯದಲ್ಲಿ ಅವನೂ ಹೀಗೇ ಗುಂಡಿ ಹಾರುತ್ತಿದ್ದ. ಅದನ್ನು ನೋಡಿಯೇ ಅತ್ತೆ ಕಪ್ಪೆ ಎಂದು ಕರೆದದ್ದು. ಈಗ ಅವನ ಹೊಟ್ಟೆ ಅವನಿಗಿಂತ ಮುಂದೆ ನಡೆಯುತ್ತದೆ. ಗುಂಡಿಗೆ ಇಳಿಯುವಾಗ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ “ಉಸ್ಸಪ್ಪ” ಅನ್ನುತ್ತಾನೆ. ಹೆಸರು ಕೇಳಿದ್ದೇ ಅಭ್ಯಾಸಬಲದಿಂದ ಮುಂದೆ ಬಂದು ಕೈ ನೀಡಿದ.

“ನೀನ್ಯಾಕೋ ನುಗ್ತೀಯ? ಸರದಿ ಬಂದಾಗ ಬಾ” ಅಂದು ಅತ್ತೆ ತಟ್ಟೆಯನ್ನು ಅವನನ್ನು ದಾಟಿಸಿ ಹುಡುಗಿಯ ಕೈಗೆ ಕೊಟ್ಟಳು.

ನಾನು ಬಾಯಿ ತೆರೆದೆ. ಮೂಲೆಯಿಂದ ಮಾವ ಬ್ರೆಡ್ಡಿನ ಚಾಕು ಕೆಳಗಿಟ್ಟು, ತುಟಿ ಮೇಲೆ ಬೆರಳಿಟ್ಟು ನಮ್ಮೆಲ್ಲರ ಕಡೆ ಕಣ್ಣು ದೊಡ್ಡದು ಮಾಡಿದ. ಮುಚ್ಚಿದೆ. ಅಷ್ಟು ಸುಲಭಕ್ಕೆ ಮುಚ್ಚುವ ಬಾಯಿಯಲ್ಲ ನನ್ನದು.

ಊಟ ಮುಗಿಸಿ ಹಳೇ ಟೈರುಗಳ ರಾಶಿಯ ಹಿಂದೆ ಸೇರಿದೆವು. ಮಾವನೂ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ.

“ಅವಳಿಗೆ ಮರೆವು ಶುರುವಾಗಿದೆ ಕಣ್ರೋ. ಮನೇಲಿ ಉಪ್ಪಿನ ಡಬ್ಬಿ ಮಂಚದ ಕೆಳಗೆ ಸಿಗ್ತು ಮೊನ್ನೆ. ಅದೇನು ದೊಡ್ಡದಲ್ಲ. ಆದ್ರೆ ಹೆಸರು ಎರಡು ಸಲ ಬಿದ್ದಿದೆ ಅಂತ ಗೊತ್ತಾದ್ರೆ ಸೌಟು ಇಡ್ತಾಳೆ. ಸೌಟು ಇಟ್ರೆ ಮನೇಲಿ ಗೋಡೆ ನೋಡ್ಕೊಂಡು ಕೂತ್ಕೋತಾಳೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಏನಾದ್ರೂ ಮಾಡಿ.” ಆಮೇಲೆ ಕಪ್ಪೆಯ ಕಡೆ ತಿರುಗಿದ. “ನೀನೇ ಬಿಟ್ಕೊಡೋ. ನಿನಗೆ ಆ ಹೆಸರು ಕಂಡ್ರೆ ಮೊದಲಿಂದಲೂ ಆಗ್ತಿರಲಿಲ್ಲವಲ್ಲ.”

ಅದು ನಿಜ. ಕಪ್ಪೆ ಎಂದು ಕರೆದದ್ದಕ್ಕೆ ಅವನು ಮೊದಲ ವರ್ಷ ಕ್ಯಾಂಟೀನಿಗೇ ಬಂದಿರಲಿಲ್ಲ, ಮನೆಯಿಂದ ಡಬ್ಬಿ ತರುತ್ತಿದ್ದ. ಈಗ ಮಾತ್ರ ಎದೆ ಸೆಟೆಸಿ ನಿಂತ. ಎದೆಗಿಂತ ಹೊಟ್ಟೆಯೇ ಹೆಚ್ಚು ಸೆಟೆಯಿತು.

“ಅದು ಹೇಗೆ ಬಿಡ್ಲಿ ಮಾವ? ನಮ್ಮ ಬೀದೀಲಿ ಕಪ್ಪೆ ಮನೆ ಅಂದ್ರೇನೇ ಆಟೋದವರಿಗೆ ಗೊತ್ತಾಗೋದು. ಮಗಳ ಹೊಲಿಗೆ ಅಂಗಡಿ ಹೆಸರು ಕಪ್ಪೆ ಟೈಲರ್ಸ್. ಮೊಮ್ಮಗನ್ನ ಸ್ಕೂಲಲ್ಲಿ ಗೊದಮೊಟ್ಟೆ ಅಂತಾರೆ. ನಾನೊಬ್ಬ ಬಿಟ್ರೆ ಆಯ್ತಾ? ಇಡೀ ಮನೆತನ ಬಿಡಬೇಕಾಗುತ್ತೆ.”

“ನೀನು ಹಾರಿದ್ದು ಯಾವ ಕಾಲದಲ್ಲಯ್ಯ?” ಅಂದ ಗಡಿಯಾರ.

“ಮೌನಿ ಮನೆಯವರು ಕುರಿ ಕಾದಿದ್ದು ಯಾವ ಕಾಲದಲ್ಲಿ? ಅವರ ಹೆಸರು ಕಿತ್ಕೋತೀಯ?”

ಮೌನಿ ಬಾಯಿ ತೆರೆದ. ಅವನನ್ನು ಮಾತಾಡಲು ಬಿಟ್ಟರೆ ಸಂಜೆಯಾಗುತ್ತದೆಂದು ನಾನು ಹುಡುಗಿಯ ಕಡೆ ತಿರುಗಿದೆ. “ನೋಡಮ್ಮ, ನಿನ್ನೆ ಮೊನ್ನೆ ಬಂದವಳು ನೀನು. ನೀನೇ ಬೇಡ ಅನ್ನು.”

ಅವಳು ಟೈರಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ನಿಲ್ಲಿಸಿದಳು. “ಅಣ್ಣ, ಕಾಗದದಲ್ಲಿರೋ ನನ್ನ ಹೆಸರಿಗೆ ಏನರ್ಥ ಗೊತ್ತಾ? ಸಾಕು ಅಂತ. ನಾನು ನಾಲ್ಕನೇ ಮಗಳು. ಇನ್ನು ಹೆಣ್ಣು ಸಾಕು ಅಂತ ಇಟ್ರು. ನನ್ನ ಕರೆದಾಗಲೆಲ್ಲ ಊಟ ಮುಗಿಸಿ ಕೈ ತೊಳೆದ ಹಾಗೆ ಕೇಳಿಸುತ್ತೆ. ಮೊದಲ ಸಲ ಯಾರೋ ನನ್ನ ನೋಡಿ, ನಾನು ಮಾಡೋದನ್ನ ನೋಡಿ, ಖುಷಿಯಾಗಿ ಒಂದು ಹೆಸರಿಟ್ಟಿದ್ದಾರೆ. ಬೇಡ ಅಂತ ನನ್ನ ಬಾಯಲ್ಲಿ ಬರಲ್ಲ.”

ಕಪ್ಪೆ ಕೆಮ್ಮಿದ. ಆದರೂ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಕಪ್ಪೆ ಹಿಡಿದು ತಕ್ಕಡಿಯಲ್ಲಿ ತೂಗಿದ ಹಾಗಾಯಿತು ನಮ್ಮ ಪಂಚಾಯಿತಿ. ಈ ತಟ್ಟೆಯಲ್ಲಿ ಒಂದನ್ನು ಕೂರಿಸಿದರೆ ಆ ತಟ್ಟೆಯಿಂದ ಇನ್ನೊಂದು ಹಾರುತ್ತದೆ. ಕಡೆಗೆ ಇಬ್ಬರನ್ನೂ ಒಂದೇ ಗುಂಡಿಗೆ ಹಾಕುವುದು ಬೇಡ, ಅತ್ತೆಯ ಮುಂದೆ ಇಬ್ಬರೂ ಒಟ್ಟಿಗೆ ನಿಲ್ಲುವುದು ಬೇಡ, ಅಷ್ಟರಲ್ಲಿ ಏನಾದರೂ ಹೊಳೆಯುತ್ತದೆ ಎಂದು ಎದ್ದೆವು. ಏನೂ ಹೊಳೆಯಲಿಲ್ಲ. ಕಪ್ಪೆ ಊಟಕ್ಕೆ ಕಡೆಯಲ್ಲಿ ಬರತೊಡಗಿದ. ಅತ್ತೆ ಅವನಿಗೆ ಬಡಿಸುವಾಗ “ಬಾರೋ” ಅನ್ನುತ್ತಿದ್ದಳು, ಅಷ್ಟೇ. ಯೋಚಿಸಿ ನೋಡಿದರೆ ಅವಳು ಅವನನ್ನು ಹೆಸರು ಹಿಡಿದು ಕರೆದು ಬಹಳ ಕಾಲವಾಗಿತ್ತು. ಹೊಟ್ಟೆ ಬಂದ ಮೇಲೆ ಅವನಲ್ಲಿ ಕಪ್ಪೆ ಅವಳಿಗೆ ಕಂಡೇ ಇರಲಿಲ್ಲ.

ಫೋರ್‌ಮನ್ನಿಗೆ ಇಂಥ ಸೂಕ್ಷ್ಮಗಳು ಗೊತ್ತಿಲ್ಲ. ಒಂದು ದಿನ ಬೆಳಿಗ್ಗೆ ಕೆಟ್ಟ ಬಸ್ಸುಗಳು ಸಾಲುಗಟ್ಟಿದ್ದವು. “ಕುಕ್ಕರ್, ಕಪ್ಪೆ, ಆ ಹುಡುಗಿ, ಮೂವರೂ ಆ ಕೊನೇ ಗುಂಡಿಗೆ ಹೋಗಿ” ಅಂದ. ಹೋದೆವು. ನಾನೂ ಕಪ್ಪೆಯೂ ಗುಂಡಿಯೊಳಗೆ. ಅವನು ಒಂದು ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ, ನಾನು ಬೋಲ್ಟು ಕೂರಿಸುತ್ತಿದ್ದೆ. ಹಳೇ ಎಣ್ಣೆ ತುಂಬಿದ ಬಕೆಟ್ಟನ್ನು ಹುಡುಗಿ ಮೇಲೆ ನಿಂತು ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದಳು. ಬೋಲ್ಟು ಕೂತಿತು. ಸರಳು ಬಿಡಲಿ ಎಂದು ನಾನು ಕೂಗಿದೆ:

“ಕಪ್ಪೆ, ಬಿಡು!”

ಗುಂಡಿಯೊಳಗಿನ ಕಪ್ಪೆ ಸರಳು ಬಿಟ್ಟ. ಮೇಲಿನ ಕಪ್ಪೆ ಹಗ್ಗ ಬಿಟ್ಟಳು.

ಬಕೆಟ್ಟು ಪಕ್ಕಕ್ಕೆ ಬಿತ್ತು, ದೇವರು ದೊಡ್ಡವನು. ಎಣ್ಣೆ ಪೂರ್ತಿ ನನ್ನ ತಲೆ ಮೇಲೆ. ಕಣ್ಣು, ಕಿವಿ, ಅಂಗಿಯ ಜೇಬು, ಎಲ್ಲೆಲ್ಲೂ ಕಪ್ಪು ಎಣ್ಣೆ. ಕಪ್ಪೆ ಮೊದಲು ಹೆದರಿದ, ಆಮೇಲೆ ನಕ್ಕ. ಆ ನಗು ಕೇಳಿ ನನ್ನ ಮೈ ಉರಿದುಹೋಯಿತು. ಮೆಟ್ಟಿಲು ಹತ್ತಿ, ಹೆಜ್ಜೆಗೊಂದು ಕರಿ ಗುರುತು ಬಿಡುತ್ತ ನೆಟ್ಟಗೆ ಕ್ಯಾಂಟೀನಿಗೆ ನಡೆದೆ. ಹಿಂದಿನಿಂದ “ಬೇಡ ಅಣ್ಣ, ಬೇಡ” ಎಂದು ಹುಡುಗಿ ಓಡಿ ಬರುತ್ತಿದ್ದಳು.

“ಅತ್ತೆ! ಒಂದು ಶೆಡ್ಡಿಗೆ ಎರಡು ಕಪ್ಪೆ ಇಟ್ಟಿದ್ದೀಯಲ್ಲ! ಒಂದಕ್ಕೆ ಬಿಡು ಅಂದ್ರೆ ಇನ್ನೊಂದೂ ಬಿಡ್ತು. ನೋಡು ನನ್ನ ಗತಿ! ಇವತ್ತು ಎಣ್ಣೆ ಬಿತ್ತು, ನಾಳೆ ಬಸ್ಸು ಬಿದ್ರೆ?”

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದಳು. ಅವಳ ಹಿಂದೆ ಏದುಸಿರು ಬಿಡುತ್ತ ಬಂದ ಗೇರ್ ಬಾಕ್ಸಿನವನನ್ನು ನೋಡಿದಳು, ಬಹಳ ಹೊತ್ತು. ಮುಖ ಸಣ್ಣದಾಯಿತು.

“ಅಯ್ಯೋ, ನೀನು ಕಪ್ಪೆ ಅಲ್ವಾ” ಅಂದಳು.

ಆಮೇಲೆ ಮೂಲೆಗೆ ತಿರುಗಿದಳು. “ನಿಮಗೂ ಗೊತ್ತಿತ್ತಾ?”

ಮಾವ ಬ್ರೆಡ್ಡಿನ ತುಣುಕುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೂತ.

“ಒಳಗೆ ಬಿಸಿನೀರಿದೆ, ತಲೆ ತೊಳ್ಕೋ ಹೋಗು” ಎಂದು ನನಗೆ ಹೇಳಿದಳು. ಪೆಟ್ಟಿಗೆಯಿಂದ ಇಳಿದಳು. ಸೌಟನ್ನು ತೊಳೆದು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದಳು.

ಶೆಡ್ಡಿನವರೆಲ್ಲ ನನ್ನನ್ನು ಬೈದರು. ಕೋಪ ಬಂದಾಗ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದಾ ಎಂದರು. ನಿಮ್ಮ ತಲೆ ಮೇಲೆ ಬಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದೆ. ಈಗಲೂ ಅದೇ ಹೇಳುತ್ತೇನೆ. ಬಚ್ಚಿಟ್ಟುಕೊಂಡು ಎಷ್ಟು ದಿನ ಬಸ್ಸಿನ ಕೆಳಗೆ ಮಲಗುವುದು? ಬೆಕ್ಕಿಗೆ ಯಾರಾದರೂ ಗಂಟೆ ಕಟ್ಟಲೇಬೇಕಿತ್ತು.

ಅತ್ತೆ ಕ್ಯಾಂಟೀನಿಗೆ ಬರುವುದನ್ನೇನೂ ಬಿಡಲಿಲ್ಲ. ಆದರೆ ಒಳಗೆ, ನಮಗೆ ಬೆನ್ನು ಮಾಡಿ ಕೂತು ಆಲೂಗಡ್ಡೆ ಹೆಚ್ಚುತ್ತಿದ್ದಳು. ಕೌಂಟರಿನಲ್ಲಿ ತಟ್ಟೆ ತೊಳೆಯುವಾಕೆ ನಿಂತಳು. ಒಳ್ಳೆಯ ಹೆಂಗಸು, ಕೈಯೂ ಚುರುಕು. ಆದರೆ “ಮುಂದಿನವರು... ಮುಂದಿನವರು...” ಅನ್ನುತ್ತಿದ್ದಳು. ಮೊಟ್ಟೆ ಬೇಡದವನಿಗೆ ಮೊಟ್ಟೆ, ಬೇಕಾದವನಿಗೆ ಬರೀ ಸೂಪು. ಊಟದ ಹೊತ್ತಿನ ಗಲಾಟೆಯೇ ಹೋಯಿತು. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತವರ ಹಾಗೆ ಎಲ್ಲರೂ ಗೋಡೆ ನೋಡಿಕೊಂಡು ಅಗಿಯುತ್ತಿದ್ದರು. ಮೌನಿ ಕೂಡ ಸುಮ್ಮನಾದ ಅಂದ ಮೇಲೆ ನೀವೇ ತಿಳಿದುಕೊಳ್ಳಿ. ಹುಡುಗಿ ಮತ್ತೆ ಬರೀ ಹೊಸಬಳಾದಳು. ಗುಂಡಿಯನ್ನು ಹಾರದೆ ಸುತ್ತು ಹಾಕಿ ಹೋಗತೊಡಗಿದಳು. ಹಾರಬೇಡ ಎಂದು ಕೂಗಿದ್ದವನು ನಾನೇ, ಆದರೂ ನೋಡಲಾಗುತ್ತಿರಲಿಲ್ಲ.

ಎಲ್ಲರ ಹೆಸರನ್ನೂ ಬರೆದು ಗೋಡೆಗೆ ಅಂಟಿಸೋಣ, ನೋಡಿಕೊಂಡು ಹೆಸರಿಡಲಿ ಎಂದು ಫೋರ್‌ಮನ್ ಹೇಳಿ ನೋಡಿದ. ಅತ್ತೆ ಬೆನ್ನು ತಿರುಗಿಸದೆಯೇ, “ಬರೆದು ಅಂಟಿಸೋದು ಸತ್ತೋರ ಹೆಸರು. ಬದುಕಿರೋರದ್ದು ಬಾಯಲ್ಲಿರಬೇಕು. ನನ್ನ ಬಾಯಲ್ಲಿ ನಿಲ್ತಿಲ್ಲ, ಮುಗೀತು” ಅಂದಳಂತೆ.

ಕಡೆಗೆ ಒಂದು ಮಧ್ಯಾಹ್ನ ಕಪ್ಪೆಯ ಸರದಿ ಬಂತು. ತಟ್ಟೆ ತೊಳೆಯುವಾಕೆ “ಮುಂದಿನವರು” ಎಂದು ಮೊಟ್ಟೆ ಇಟ್ಟ ತಟ್ಟೆ ಚಾಚಿದಳು. ಅವನಿಗೆ ಮೊಟ್ಟೆ ಆಗುವುದಿಲ್ಲ. ಅಷ್ಟು ದಿನ ಸುಮ್ಮನೆ ಪಕ್ಕದವನಿಗೆ ದಾಟಿಸಿ ತಿನ್ನುತ್ತಿದ್ದ. ಅವತ್ತು ತಟ್ಟೆಯನ್ನು ದಡ್ ಎಂದು ಕೌಂಟರಿನ ಮೇಲಿಟ್ಟ.

“ನಾನು ಮುಂದಿನವನಲ್ಲ ತಾಯಿ! ನಾನು ಕಪ್ಪೆ! ಮೊಟ್ಟೆ ಬೇಡ, ಬ್ರೆಡ್ಡು ಎರಡು ಜಾಸ್ತಿ!”

ಒಳಗೆ ಚಾಕುವಿನ ಸದ್ದು ನಿಂತಿತು.

ಅಡ್ಡಹೆಸರನ್ನು ಬೇರೆಯವರು ಕೂಗುತ್ತಾರೆ, ಯಾರೂ ತನ್ನದನ್ನು ತಾನೇ ಕೂಗಿಕೊಳ್ಳುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಅವತ್ತಿನವರೆಗೆ ಯಾರೂ ಕೂಗಿಕೊಂಡಿರಲಿಲ್ಲ. ಅವನ ಹಿಂದೆ ನಾನಿದ್ದೆ. ಹಸಿವಾಗಿತ್ತು, ಸಿಟ್ಟೂ ಬಂದಿತ್ತು.

“ಕುಕ್ಕರ್! ಸೂಪು ಬಿಸಿ ಇರ್ಲಿ, ನಿನ್ನೆ ತಣ್ಣಗಿತ್ತು!”

“ಮೌನಿ! ನನಗೆ ಮೊಟ್ಟೆ ಎರಡು, ಯಾಕಂದ್ರೆ ಬೆಳಿಗ್ಗೆ ನಾನು...”

“ಮುಂದೆ ನಡಿಯೋ!” ಎಂದು ಹಿಂದಿನವರು ಕೂಗಿದರು. ಒಬ್ಬೊಬ್ಬರಾಗಿ ಬಂದು ತಂತಮ್ಮ ಹೆಸರು ಕೂಗಿದರು. ಮೊಳೆ. ಹೌದಪ್ಪ. ಅರ್ಧ ಲೋಟ. ಟೈರಿನ ಅಣ್ಣತಮ್ಮಂದಿರು ದೊಡ್ಡ ಗಾಳಿ, ಸಣ್ಣ ಗಾಳಿ. ಎಲ್ಲ ಮುಗಿಯುತ್ತ ಬಂದಾಗ ಬಾಗಿಲಿನಿಂದ ಗಡಿಯಾರ ಓಡಿ ಬಂದು ಕೂಗಿದ. ಒಳಗಿನಿಂದ, ತಿರುಗದೆಯೇ, “ಈಗ ಬಂದ್ಯಾ?” ಎಂಬ ದನಿ ಬಂತು. ಮಾವ ಚಾಕು ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಳ್ಳಲು ಹೋದ; ಪಕ್ಕದವರು ತಡೆದರು.

ಸ್ಟೋರಿನವನು ಇನ್ನೂ ಇದ್ದ. ಬೂಟು ಸದ್ದು ಮಾಡದೆ ಬಂದು ಹಿಂದೆ ನಿಲ್ಲುವವನು, ಆದ್ದರಿಂದ ಅವನ ಹೆಸರು ಬೆಕ್ಕು. ಇದೇ ಸಮಯ ಅಂದುಕೊಂಡನೋ ಏನೋ, ಗಂಟಲು ಸರಿಮಾಡಿಕೊಂಡು, “ಹುಲಿ!” ಎಂದು ಗರ್ಜಿಸಿದ.

ಅತ್ತೆ ಸ್ಟೂಲು ಕೆಡವಿಕೊಂಡು ಎದ್ದು ತಿರುಗಿದಳು. “ಯಾವನೋ ಅವನು ಹುಲಿ? ನಿಂದು ಬೆಕ್ಕು ಕಣೋ! ನಾನು ಒಂದು ಮರೆತ್ರೆ ಎಲ್ಲಾ ಮರೆತೆ ಅಂದ್ಕೊಂಡ್ಯಾ?”

ಕ್ಯಾಂಟೀನಿನ ತಗಡು ಹಾರಿಹೋಗುವಷ್ಟು ನಗು. ಬೆಕ್ಕು ನಾಚಿಕೊಂಡು ತಟ್ಟೆಯ ಹಿಂದೆ ಮುಖ ಮರೆಸಿಕೊಂಡ. ಅತ್ತೆಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಪೆಟ್ಟಿಗೆ ಹತ್ತಿ, ತಟ್ಟೆ ತೊಳೆಯುವಾಕೆಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಆದರೆ ಸೌಟು ಮೊಳೆಯ ಮೇಲೇ ಇತ್ತು.

“ಇನ್ನು ಯಾರು ಕೂಗಿಲ್ಲ?” ಅಂದಳು.

ಸಾಲಿನ ಕೊನೆಯಲ್ಲಿ ಒಬ್ಬಳೇ ಉಳಿದಿದ್ದಳು. ಖಾಲಿ ತಟ್ಟೆ ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಕೂಗುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ.

“ಅತ್ತೆ, ನೀವು ಇಡದೇ ಇದ್ರೂ ಪರವಾಗಿಲ್ಲ” ಅಂದಳು. “ಹಳೇದೇ ಇದೆಯಲ್ಲ.”

ಅತ್ತೆ ನಮ್ಮ ಕಡೆ ನೋಡಿದಳು. ಒಂದೊಂದೇ ಮುಖದ ಮೇಲೆ ಕಣ್ಣು ಹಾಯಿಸಿದಳು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಈಗಷ್ಟೇ ಕೂಗಿದ್ದು ಎಲ್ಲರ ಕಿವಿಯಲ್ಲೂ ಇನ್ನೂ ಬಿಸಿಯಾಗಿತ್ತು, ಅವಳ ಕಿವಿಯಲ್ಲೂ. ಕಪ್ಪೆಯ ಹತ್ತಿರ ಬಂದು ಕಣ್ಣು ನಿಂತಿತು.

“ಹಾರೋದು ಬೇರೆ ಏನಿದೆಯೋ?” ಎಂದು ಅವನನ್ನೇ ಕೇಳಿದಳು.

“ನಿನಗೆ ನಾನು ಹೇಳಿಕೊಡಬೇಕಾ ಅತ್ತೆ?” ಅಂದ ಅವನು.

ಅತ್ತೆ ಕೈ ಹಿಂದಕ್ಕೆ ಚಾಚಿದಳು. ಮಾವ ಯಾವಾಗ ಎದ್ದು ಬಂದಿದ್ದನೋ, ಮೊಳೆಯಿಂದ ಸೌಟು ತೆಗೆದು ಆ ಕೈಗೆ ಇಟ್ಟ. ಟಣ್ ಟಣ್.

“ಮಿಡತೇ! ಬಾರೇ, ತಟ್ಟೆ ತಗೋ.”

ಒಂದು ಗಳಿಗೆ ಎಲ್ಲರೂ ಅತ್ತಿತ್ತ ನೋಡಿದೆವು. ಮುಂದೆ ಬಂದವರು ಯಾರೂ ಇಲ್ಲ, ಕೈ ನೀಡಿದವರು ಯಾರೂ ಇಲ್ಲ. ಅವಳೊಬ್ಬಳೇ.

“ಹುಷಾರು ಕಣಮ್ಮ” ಎಂದ ಕಪ್ಪೆ, ಬಾಯ್ತುಂಬ ಬ್ರೆಡ್ಡು ಇಟ್ಟುಕೊಂಡು. “ಕಪ್ಪೆ ಮಿಡತೇನ ತಿನ್ನುತ್ತೆ.”

“ಮೊದಲು ಮೆಟ್ಟಿಲು ಹತ್ತಿ ಬನ್ನಿ ಅಣ್ಣ, ಆಮೇಲೆ ತಿನ್ನೋರಂತೆ” ಅಂದಳು ಮಿಡತೆ.

ಈಗ ಹೊಸಬರು ಬಂದು ವಾರ ಕಳೆದರೆ ಹೆಸರಿಡುವ ಮೊದಲು ನಾವೆಲ್ಲ ಒಬ್ಬೊಬ್ಬರಾಗಿ ನಮ್ಮ ಹೆಸರು ಕೂಗುತ್ತೇವೆ. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾಳೆ. ಅವಳ ಮರೆವು ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಕೂಗುವುದು ನಾವು ಜೋರು ಮಾಡಿದ್ದೇವೆ. ಹೋದ ತಿಂಗಳು ಹೊಸ ಮ್ಯಾನೇಜರು ಬಂದು ಇದೇನು ಗಲಾಟೆ ಎಂದು ಬಾಗಿಲಲ್ಲಿ ನಿಂತ. ಅತ್ತೆ ಕಣ್ಣು ತೆರೆದು, ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ನಿಮ್ಮದು ಇನ್ನೂ ವಾರ ಆಗಿಲ್ಲ, ಸಾಲಲ್ಲಿ ನಿಂತ್ಕೊಳ್ಳಿ” ಅಂದಳು.